ಉದಾಹರಣೆ ಸಹಿತ

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ವೆಂಕಟಸ್ವಾಮಿ ಫ್ರಿಜ್ಜಿನ ಮೇಲೆ ಕೈಯಾಡಿಸಿದ. ಕರೆಂಟ್ ಬಿಲ್ಲು ಸಿಕ್ಕಿತು, ಮುರಿದ ಕೊಡೆ ಸಿಕ್ಕಿತು, ಹೋದ ವರ್ಷದ ಕ್ಯಾಲೆಂಡರ್ ಸಿಕ್ಕಿತು. ಪುಸ್ತಕ ಮಾತ್ರ ಸಿಗಲಿಲ್ಲ.

ಹೆಂಡತಿ ಶಶಿಕಲಾಳನ್ನು ಕೇಳಿದ. ಅವಳು ಒಗ್ಗರಣೆ ಸೌಟಿನಿಂದ ಕಣ್ಣು ತೆಗೆಯದೆ, ಅದನ್ನು ಗುರುವಾರವೇ ಎದುರು ಮನೆ ಜಗದಾಂಬಾ ಅವರಿಗೆ ಕೊಟ್ಟಾಯಿತು ಎಂದಳು. ಪಾರ್ಕಿನಲ್ಲಿ ತಿಂಗಳ ಕೊನೆಯ ಭಾನುವಾರ ಸಂಜೆ 'ಓದಿದ್ದು ಹಂಚೋಣ' ಎಂಬ ಕೂಟ ನಡೆಯುತ್ತಿತ್ತು. ಸದಸ್ಯರೆಲ್ಲ ಒಂದೊಂದು ಪುಸ್ತಕ ಕೊಡಬೇಕು, ಅದು ಕೈಯಿಂದ ಕೈಗೆ ದಾಟಬೇಕು, ಓದಿದವರು ಅದರಿಂದ ತಮ್ಮ ಬಾಳಿಗೆ ಏನು ಉಪಯೋಗವಾಯಿತು ಎಂದು ಎಲ್ಲರ ಮುಂದೆ ಹೇಳಬೇಕು. ಶಶಿಕಲಾಳ ಹತ್ತಿರ ಪುಸ್ತಕವಿರಲಿಲ್ಲ. ಗಂಡನದು ಧೂಳು ಹಿಡಿದು ಬಿದ್ದಿತ್ತು. ತೆರೆದೂ ನೋಡದೆ ಕೊಟ್ಟಿದ್ದಳು.

"ಫುಟ್‌ಪಾತಿಂದ ತಂದ ಹಳೇ ಪುಸ್ತಕ ಅಂತ ಮೊದ್ಲೇ ಹೇಳಿದೀನಿ. ಯಾರೂ ಏನೂ ಅನ್ಕೊಳಲ್ಲ ಬಿಡ್ರಿ" ಎಂದು ಅವಳು ಸಮಾಧಾನ ಮಾಡಿದಳು.

ವೆಂಕಟಸ್ವಾಮಿಯ ಕೈಯಲ್ಲಿದ್ದ ಕಾಫಿ ಪಂಚೆಯ ಮೇಲೆ ಚೆಲ್ಲಿತು.

ಪುಸ್ತಕದ ಮಾತುಗಳಲ್ಲಿ ದೋಷವೇನೂ ಇರಲಿಲ್ಲ. ವಿಜಯನಗರ ಬಸ್‌ಸ್ಟ್ಯಾಂಡಿನ ಹತ್ತಿರ ಅವನು ಅದನ್ನು ಕೊಂಡಾಗ ಮೊದಲ ಕೆಲವು ಹಾಳೆಗಳೇ ಇರಲಿಲ್ಲ. ಬರೆದವರು ಯಾರು, ಹೆಸರೇನು ಎಂದು ತಿಳಿಯುವಂತಿರಲಿಲ್ಲ. ಕೋಪ ಬಂದಾಗ ಏನು ಮಾಡಬೇಕು, ನೆರೆಹೊರೆಯವರ ಜೊತೆ ಹೇಗಿರಬೇಕು, ನಾಲಿಗೆ ಹೇಗೆ ಬಿಗಿಹಿಡಿಯಬೇಕು ಎಂದು ಪುಟಕ್ಕೊಂದರಂತೆ ಬುದ್ಧಿಮಾತುಗಳಿದ್ದವು. ಅವನು ಅದಕ್ಕೆ ಖಾಕಿ ಕಾಗದದ ಬೈಂಡು ಹಾಕಿ, ಮೂರು ತಿಂಗಳು ಶ್ರದ್ಧೆಯಿಂದ ಓದಿದ್ದ. ಬರೀ ಓದಿದ್ದರೆ ಚಿಂತೆಯಿರಲಿಲ್ಲ. ಬರೆದೂ ಇದ್ದ.

ವೆಂಕಟಸ್ವಾಮಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತ. ಇಪ್ಪತ್ತೇಳು ವರ್ಷ ನಟ್ಟು ಬೋಲ್ಟುಗಳ ಪಕ್ಕದ ಕಾಲಮ್ಮಿನಲ್ಲಿ ಷರಾ ಬರೆದು ಬರೆದು, ಅಂಚಿನಲ್ಲಿ ಖಾಲಿ ಜಾಗ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಪುಸ್ತಕದ ಒಂದು ಕಡೆ, 'ಓದಿದ ಮಾತನ್ನು ನಿಮ್ಮ ಸುತ್ತಲಿನ ಬದುಕಿಗೆ ಹೋಲಿಸಿ ನೋಡಿದರೆ ಮರೆಯುವುದಿಲ್ಲ' ಎಂದಿತ್ತು. ಅವನು ಹೋಲಿಸಿದ. ಒಂದೊಂದು ಬುದ್ಧಿಮಾತಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ 'ಉದಾ:' ಎಂದು ಹಾಕಿ, ಗೋವಿಂದರಾಜನಗರದ ತನ್ನ ಬೀದಿಯಿಂದಲೇ ಒಂದೊಂದು ಉದಾಹರಣೆ ಕೊಟ್ಟಿದ್ದ. ಗುಮಾಸ್ತನ ಎಚ್ಚರಿಕೆಯಿಂದ ಯಾರ ಹೆಸರನ್ನೂ ಬರೆದಿರಲಿಲ್ಲ. ಎದುರು ಮನೆ, ಮಿಲ್ಲಿನವ, ಕೆಳಗಿನವರು, ಇಷ್ಟೇ. ಆದರೆ ಬೀದಿಯವರಿಗೆ ಅಷ್ಟು ಸಾಕು.

ಕೆಳಗಿನವರು ಎಂದರೆ ಮನೆ ಓನರ್ ಮರಿಯಪ್ಪನವರು. ಹಳೇ ಊರಿನ ಗೌಡರ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಮಹಡಿ ಎದ್ದಿತ್ತು. ಪಾರ್ಕಿನ ಸಂಘಕ್ಕೂ ಕೂಟಕ್ಕೂ ಅವರೇ ಅಧ್ಯಕ್ಷರು. ವೆಂಕಟಸ್ವಾಮಿ ಮೊದಲನೇ ಮಹಡಿಯಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗಿದ್ದ. ಅಗ್ರಿಮೆಂಟು ಈ ತಿಂಗಳಿಗೆ ಮುಗಿಯುತ್ತಿತ್ತು. ಮರಿಯಪ್ಪನವರ ತಂಗಿಯ ಮಗನಿಗೂ ಆ ಮನೆ ಮೇಲೆ ಕಣ್ಣಿತ್ತು. ಭಾನುವಾರ ಕೂಟ ಮುಗಿಸಿ ಮೇಲೆ ಬಂದು ಮಾತಾಡುತ್ತೇನೆ ಎಂದು ಅವರು ಹೇಳಿದ್ದರು. ಅವರ ಬಗ್ಗೆ ಆ ಪುಸ್ತಕದಲ್ಲಿ, ಅವನ ನೆನಪಿನ ಪ್ರಕಾರ, ಕನಿಷ್ಠ ನಾಲ್ಕು ಉದಾಹರಣೆಗಳಿದ್ದವು.

ಪಂಚೆ ಬದಲಾಯಿಸಿ ಅವನು ಎದುರು ಮನೆಗೆ ಓಡಿದ.

ಜಗದಾಂಬಾ ಅವರಿಗೆ ಅರುವತ್ತೆರಡು. ಆ ಬೀದಿಯಲ್ಲಿ ಯಾವ ಮನೆಗೆ ಕೊರಿಯರ್ ಬಂದರೂ ಮೊದಲು ವಿಳಾಸ ಓದುತ್ತಿದ್ದವರು ಅವರೇ. ಅವತ್ತು ಮಾತ್ರ ಬಾಗಿಲು ತೆರೆದು, ತುಟಿಯ ಮೇಲೆ ಬೆರಳಿಟ್ಟು ನಿಂತರು. ಒಳಗಿನಿಂದ ಅವರ ಯಜಮಾನರು, ಪುಸ್ತಕ ಓದಿದಾಗಿನಿಂದ ಇವಳು ಭಾನುವಾರ ಮಧ್ಯಾಹ್ನದವರೆಗೆ ಮೌನ, ನನಗೂ ಇದೇ ಮೊದಲ ಭಾನುವಾರ ನೆಮ್ಮದಿ, ದಯವಿಟ್ಟು ಮಾತಾಡಿಸಬೇಡಿ ಎಂದು ಬೇಡಿಕೊಂಡರು.

ಪುಸ್ತಕ ಯಾರಿಗೆ ಕೊಟ್ಟಿರಿ ಎಂದು ವೆಂಕಟಸ್ವಾಮಿ ಕೇಳಿದ. ಜಗದಾಂಬಾ ಅಂಗೈ ಮೇಲೆ ಬೆರಳನ್ನು ಗುಂಡಗೆ ತಿರುಗಿಸಿ ತೋರಿಸಿದರು. ದೋಸೆಯಾ ಎಂದ. ಅವರು ಹಣೆ ಚಚ್ಚಿಕೊಂಡರು. ಅದನ್ನೇ ಹೌದು ಎಂದು ತಿಳಿದು ಅವನು ಮೂಲೆಯ ದೋಸೆ ಕ್ಯಾಂಪಿಗೆ ಹೋದ. ಅಲ್ಲಿ ಯಾರೂ ಯಾವ ಪುಸ್ತಕವನ್ನೂ ಕೊಟ್ಟಿರಲಿಲ್ಲ. ಒಳಗೆ ಹೋದ ತಪ್ಪಿಗೆ ಒಂದು ಬೆಣ್ಣೆ ದೋಸೆ ತಿಂದು ವಾಪಸು ಬಂದ.

ಎರಡನೇ ಸಲ ಜಗದಾಂಬಾ ಎರಡೂ ಕೈಯಲ್ಲಿ ತಿರುಗಿಸಿ, ಮೇಲಿನಿಂದ ಏನನ್ನೋ ಸುರಿದು, ಕೆಳಗಿನಿಂದ ಏನನ್ನೋ ಹಿಡಿದರು. ಅವನು ತೊಟ್ಟಿಯ ಮೋಟಾರೇ, ಹೊಲಿಗೆ ಮಿಷನ್ನೇ ಎಂದು ಕೇಳುತ್ತಾ ಹೋದ. ಕಬ್ಬಿನ ಹಾಲಿನ ಗಾಡಿ ಎಂದಾಗ ಅವರಿಗೆ ತಡೆಯಲಾಗಲಿಲ್ಲ.

"ಮಿಲ್ಲು ಕಣ್ರೀ, ಹಿಟ್ಟಿನ ಮಿಲ್ಲು, ಮುನಿಯಣ್ಣನ ಮಿಲ್ಲು."

ಒಳಗೆ ಅವರ ಯಜಮಾನರು ನಿಟ್ಟುಸಿರು ಬಿಟ್ಟದ್ದು ಬಾಗಿಲವರೆಗೆ ಕೇಳಿಸಿತು.

ವ್ರತ ಮುರಿದದ್ದು ವೆಂಕಟಸ್ವಾಮಿಯಿಂದ ಎಂದಾದ ಮೇಲೆ, ಮುರಿದ ವ್ರತದ ಪೂರ್ತಿ ಫಲವನ್ನು ಅವನೇ ಉಣ್ಣಬೇಕಾಯಿತು. ಕಾವೇರಿ ನೀರು ಬರುವಾಗ ನಲ್ಲಿ ಮೊದಲು ಬುಸುಗುಟ್ಟಿ ಆಮೇಲೆ ಧೋ ಎಂದು ಸುರಿಯುವ ಹಾಗೆ, ಬೆಳಗಿನಿಂದ ತಡೆದ ಮಾತೆಲ್ಲ ಅವನ ಮೇಲೆ ಸುರಿಯಿತು. ಅದರ ನಡುವೆ ಪುಸ್ತಕದ ಸುದ್ದಿಯೂ ಬಂತು. ಹಿಂದೆ ಆ ಪುಸ್ತಕ ಇಟ್ಟುಕೊಂಡಿದ್ದವರು ಯಾರೋ ಪೆನ್ಸಿಲಿನಲ್ಲಿ ಎಲ್ಲ ಕಡೆ ಬರೆದಿದ್ದಾರೆ, ಬಲೇ ಚೆನ್ನಾಗಿದೆ ಎಂದರು ಜಗದಾಂಬಾ.

"ಒಂದ್ ಕಡೆ ಬರ್ದಿದಾರೆ ನೋಡಿ, 'ಎದುರು ಮನೆ. ನಮ್ಮ ಬಾಗಿಲಿಗೆ ಬೆಲ್ ಹೊಡೆದರೆ ಅವರ ಕಿಟಕಿ ತೆರೆಯುತ್ತದೆ' ಅಂತ. ನಕ್ಕೂ ನಕ್ಕೂ ಸಾಕಾಯ್ತು. ಲಗ್ಗೆರೇಲಿ ನನ್ ನಾದಿನಿ ಇದಾಳಲ್ಲ, ಅವಳ್ನ ನೋಡ್ಕೊಂಡೇ ಬರ್ದಂಗಿದೆ."

ವೆಂಕಟಸ್ವಾಮಿ ಅವರ ಮುಖ ನೋಡಿದ. ಅಲ್ಲಿ ನಾದಿನಿಯ ವಿನಾ ಬೇರೆ ಯಾರ ಅನುಮಾನವೂ ಇರಲಿಲ್ಲ. ಅಷ್ಟರಲ್ಲಿ ಕೊರಿಯರಿನವನ ಬೈಕು ಬೀದಿಗೆ ಬಂತು. ಜಗದಾಂಬಾ ಕಿಟಕಿಗೆ ಹೋದರು. ಅವನು ತಪ್ಪಿಸಿಕೊಂಡ.

ಮುನಿಯಣ್ಣನ ಮಿಲ್ಲು ಮಾಗಡಿ ರಸ್ತೆಯ ಕಡೆಗೆ. ಸ್ಕೂಟರಿನಲ್ಲಿ ಅಲ್ಲಿಗೆ ಹೋಗುವ ಹೊತ್ತಿಗೆ ಗಂಟೆ ಹನ್ನೊಂದೂವರೆ. ಕರೆಂಟು ಹೋಗಿತ್ತು. ಮುನಿಯಣ್ಣ ರೆಪ್ಪೆಯ ಮೇಲೆಲ್ಲ ಹಿಟ್ಟು ಹೊತ್ತು ಸ್ಟೂಲಿನ ಮೇಲೆ ಕೂತಿದ್ದ. ಪುಸ್ತಕ ಎಂದ ಕೂಡಲೇ ಅವನ ಮುಖ ಅರಳಿತು. ಅರ್ಧ ಓದಿದೆ ಸಾರ್, ಜೀವನದಲ್ಲಿ ಇಂಥ ಪುಸ್ತಕ ಓದಿರಲಿಲ್ಲ ಎಂದ. ಅವನಿಗೂ ಪೆನ್ಸಿಲ್ ಬರಹವೇ ಹಿಡಿಸಿತ್ತು. 'ವ್ಯಾಪಾರದಲ್ಲಿ ಪ್ರಾಮಾಣಿಕತೆ' ಎಂಬ ಪುಟದ ಪಕ್ಕದ್ದನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದ. 'ಉದಾ: ಮಿಲ್ಲಿನವ. ಐದು ಕೆಜಿ ರಾಗಿ ಹಾಕಿದರೆ ನಾಲ್ಕೂವರೆ ಕೆಜಿ ಹಿಟ್ಟು. ಉಳಿದದ್ದು ಗಾಳಿಗೆ ಹೋಯಿತು ಎನ್ನುತ್ತಾನೆ. ಗಾಳಿ ಮುದ್ದೆ ತಿನ್ನುತ್ತದೆಯೇ?'

ವೆಂಕಟಸ್ವಾಮಿ ಪುಸ್ತಕಕ್ಕಾಗಿ ಸುತ್ತ ಕಣ್ಣಾಡಿಸಿದ.

"ಮೇನ್ ರೋಡಲ್ಲಿ ಹೊಸದಾಗಿ ಒಬ್ಬ ಮಿಲ್ ಹಾಕಿದಾನಲ್ಲ ಸಾರ್, ಅವನ್ದೇ ಕತೆ ಇದು. ಬರ್ದೋನು ಯಾರೋ ಪುಣ್ಯಾತ್ಮ, ಸರಿಯಾಗ್ ಬರ್ದಿದಾನೆ."

ಪುಸ್ತಕ ಕೊಡಯ್ಯ ಎಂದರೆ ಅದು ಅವನ ಬಳಿ ಇರಲಿಲ್ಲ. ಬೆಳಿಗ್ಗೆ ಕಸ್ತೂರೆವ್ವನ ಜೋಳದ ಹಿಟ್ಟನ್ನು ಡಬ್ಬಕ್ಕೆ ತುಂಬಿಟ್ಟಾಗ ಫ್ಯಾನಿನ ಗಾಳಿಗೆ ಹಾರದಿರಲೆಂದು ಮೇಲೆ ಪುಸ್ತಕ ಮುಚ್ಚಿದ್ದನಂತೆ. ಡಬ್ಬ ಆಟೋದಲ್ಲಿ ಹೋಯಿತು, ಪುಸ್ತಕವೂ ಹೋಯಿತು. ಕಸ್ತೂರೆವ್ವ ಉತ್ತರ ಕರ್ನಾಟಕದ ಹೆಂಗಸು. ಮೂಡಲಪಾಳ್ಯದಲ್ಲಿ ರೊಟ್ಟಿ ಅಂಗಡಿ ನಡೆಸುತ್ತಾಳೆ. ಹೋದ ತಿಂಗಳು ಅಂಗಡಿ ಬದಲಾಯಿಸಿದ್ದಾಳೆ. ಹೊಸ ವಿಳಾಸ ಮುನಿಯಣ್ಣನಿಗೆ ಬಾಯಲ್ಲಿ ಬರುವುದಿಲ್ಲ. ಅದು ಅವಳದೇ ಇನ್ನೊಂದು ಚೀಲದ ಮೇಲೆ ಬರೆದಿದೆ. ಆ ಚೀಲ ಮಿಷನ್ನಿನಲ್ಲಿ ಹಿಟ್ಟು ಬೀಳುವ ಬಾಯಿಗೆ ಕಟ್ಟಿದೆ, ಬರಹ ಮಡಿಕೆಯೊಳಗೆ ಸಿಕ್ಕಿದೆ, ಹತ್ತು ಕೆಜಿ ಜೋಳ ಅರ್ಧ ಬೀಸಿದ್ದಾಗ ಕರೆಂಟು ಹೋಗಿದೆ, ಮುಗಿಯದೆ ಬಿಚ್ಚುವಂತಿಲ್ಲ. ಕರೆಂಟು ಬಂದ ಮೇಲೆ ಬೀಸಿ ಕೊಡುತ್ತೇನೆ, ವಿಳಾಸವನ್ನೂ ಹಿಟ್ಟನ್ನೂ ಒಟ್ಟಿಗೇ ತೆಗೆದುಕೊಂಡು ಹೋಗಬಹುದು ಎಂದು ಮುನಿಯಣ್ಣ ದಾರಿ ತೋರಿಸಿದ. ಆಮೇಲೆ, ಹೇಗೂ ಕೂತಿರುತ್ತೀರಲ್ಲ ಎಂದು ಅಂಗಡಿಯನ್ನು ಅವನಿಗೆ ಒಪ್ಪಿಸಿ ಊಟಕ್ಕೆ ಹೋದ.

ಕರೆಂಟು ಬಂದದ್ದು ಎರಡೂವರೆಗೆ. ಅಲ್ಲಿಯವರೆಗೆ ವೆಂಕಟಸ್ವಾಮಿ ಏಳು ಜನರ ಗೋಧಿ, ನಾಲ್ಕು ಜನರ ರಾಗಿ ತೆಗೆದಿಟ್ಟುಕೊಂಡು, ಸಂಜೆ ಬನ್ನಿ ಎಂದು ಹೇಳಿ ಕಳಿಸಿದ್ದ. ಒಬ್ಬ ಹೆಂಗಸು ಹೋದ ಸಲ ಹಿಟ್ಟು ತರಿತರಿಯಾಗಿತ್ತು ಎಂದು ಅವನನ್ನು ಬೈದೂ ಹೋಗಿದ್ದಳು.

ಮುನಿಯಣ್ಣ ಊಟ ಮುಗಿಸಿ ಬಂದು ಬೀಸಿ ಕೊಡುವಾಗ ನಾಲ್ಕು ದಾಟಿತ್ತು. ಚೀಲ ಸ್ಕೂಟರಿನ ಮುಂದೆ, ಕಾಲಿಡುವ ಜಾಗದಲ್ಲಿ ಕೂತಿತು. ಮೂಡಲಪಾಳ್ಯದ ಮೊದಲನೇ ಹಂಪಿನಲ್ಲಿ ಸ್ಕೂಟರು ಹಾರಿದಾಗ ಚೀಲದ ಮೂಲೆ ಯಾವುದೋ ಮೊಳೆಗೆ ಸಿಕ್ಕಿ ಹರಿಯಿತು. ಅವನಿಗೆ ಗೊತ್ತಾಗಲಿಲ್ಲ. ಎದುರು ಗಾಳಿಗೆ ಹಿಟ್ಟು ಮೇಲೆದ್ದು ಕನ್ನಡಕಕ್ಕೆ ಬಂದಾಗ, ಮೋಡ ಕವಿಯಿತೇನೋ ಅಂದುಕೊಂಡ. ಎರಡನೇ ಹಂಪಿನಲ್ಲಿ ಸೀನಿದ. ಕಸ್ತೂರೆವ್ವನ ಅಂಗಡಿ ಮುಂದೆ ಇಳಿದಾಗ ತಲೆಯಿಂದ ಚಪ್ಪಲಿಯವರೆಗೆ, ಸುಣ್ಣ ಹೊಡೆದ ಮೈಲಿಗಲ್ಲಿನ ಹಾಗೆ ಬೆಳ್ಳಗಾಗಿದ್ದ.

ಕಸ್ತೂರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿ, ಮುನಿಯಣ್ಣ ಹೊಸ ಆಳು ಇಟ್ಟಾನೇನು ಎಂದು ಕೇಳಿದಳು. ಅವನು ಉತ್ತರ ಕೊಡುವ ಮೊದಲೇ ಚೀಲವನ್ನು ತಕ್ಕಡಿಗೆ ಹಾಕಿದಳು. ಮುಳ್ಳು ನೋಡಿ ಅವಳ ಹುಬ್ಬು ಮೇಲೇರಿತು.

"ಹತ್ತು ಕೇಜಿ ಜ್ವಾಳಾ ಕೊಟ್ಟಿದ್ನಲ್ಲೋ ತಮ್ಮಾ. ಇಲ್ಲಿ ಒಂಬತ್ತೂ ಇಲ್ಲ. ಉಳಿದದ್ದ ಎಲ್ಲಿ ಹೋತು?"

ವೆಂಕಟಸ್ವಾಮಿ ನಿಜವನ್ನೇ ಹೇಳಿದ.

"ಗಾಳಿಗೆ ಹೋಯ್ತಮ್ಮ."

ಆ ಒಂದು ಮಾತಿಗೆ ಅವಳು ಆಡಿದ ಮಾತುಗಳನ್ನು ಅವನು ತಲೆ ಬಗ್ಗಿಸಿ ಕೇಳಿದ. ಮುನಿಯಣ್ಣನ ಮೂರು ತಲೆಮಾರಿಗೆ ಸೇರಬೇಕಾದ ಬೈಗುಳ ಅಷ್ಟೂ ಅವನ ಲೆಕ್ಕಕ್ಕೆ ಬಂತು. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಖಾಕಿ ಬೈಂಡಿನ ಪುಸ್ತಕದ ಬಗ್ಗೆ ಕೇಳಿದ. ತನಗೆ ಓದು ಬರುವುದಿಲ್ಲ ಎಂದಳು ಅವಳು. ಬೆಳಿಗ್ಗೆ ರೊಟ್ಟಿ ಒಯ್ಯಲು ಒಬ್ಬ ಗೌಡರು ಬಂದಿದ್ದರು. ದಪ್ಪ ಮೀಸೆ, ಹೆಗಲ ಮೇಲೆ ಟವೆಲ್ಲು, ಪ್ರತಿ ಭಾನುವಾರ ಬರುವವರು. ಪುಸ್ತಕ ನೋಡಿ, ಇದು ನಮ್ಮ ಕೂಟದ್ದಲ್ಲವಾ, ಇಲ್ಲಿ ಹಿಟ್ಟು ಮುಚ್ಚಿಕೊಂಡು ಕೂತಿದೆಯಲ್ಲ ಎಂದು ಎತ್ತಿಕೊಂಡು ಹೋದರು.

ದಪ್ಪ ಮೀಸೆ, ಹೆಗಲ ಮೇಲೆ ಟವೆಲ್ಲು ಎಂದರೆ ಮರಿಯಪ್ಪನವರು. ಬೆಳಗಿನಿಂದ ಅವನು ಬಿಸಿಲಲ್ಲಿ ಹುಡುಕಿಕೊಂಡು ಅಲೆದ ಪುಸ್ತಕ, ಅವನ ಮನೆಯ ಕೆಳಗೇ, ಹತ್ತೊಂಬತ್ತು ಮೆಟ್ಟಿಲಿನ ಆಚೆ ಇತ್ತು.

ವಾಪಸು ಬರುವ ಹೊತ್ತಿಗೆ ಐದೂ ಕಾಲು. ಮರಿಯಪ್ಪನವರ ಮನೆಗೆ ಬೀಗ. ಅವನು ಸ್ಕೂಟರನ್ನು ಗೇಟಿಗೆ ಒರಗಿಸಿ ಪಾರ್ಕಿಗೆ ಓಡಿದ.

ಕೂಟ ಶುರುವಾಗಿತ್ತು. ಕಲ್ಲು ಬೆಂಚುಗಳ ಮೇಲೆ, ತಂದಿದ್ದ ಚಾಪೆಗಳ ಮೇಲೆ ಒಂದು ಮೂವತ್ತು ಜನ ಕೂತಿದ್ದರು. ರಮ್ಯಶ್ರೀ ಎಂಬ ಬ್ಯಾಂಕಿನ ಹುಡುಗಿ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಮಲಗಿದರೆ ಬೆಳಿಗ್ಗೆ ಎಷ್ಟು ಹಗುರ ಎಂದು ತನ್ನ ಅನುಭವ ಹೇಳಿ ಮುಗಿಸಿದಳು. ಜಗದಾಂಬಾ ಮೌನದ ಮಹಿಮೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ಅಧ್ಯಕ್ಷರು ಎದ್ದರು. ತಾವು ಸಿಹಿ ಬಿಟ್ಟು ನಾಲ್ಕು ವರ್ಷವಾಯಿತು, ಮನಸ್ಸು ಗಟ್ಟಿಯಿದ್ದರೆ ಶುಗರ್ ಏನೂ ಮಾಡಲಾರದು ಎಂದು ಪೀಠಿಕೆ ಹಾಕಿದರು. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಹನುಮಕ್ಕ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡರು. ಮರಿಯಪ್ಪನವರು ಟವೆಲಿನೊಳಗಿಂದ ಖಾಕಿ ಬೈಂಡಿನ ಪುಸ್ತಕ ತೆಗೆದರು.

ವೆಂಕಟಸ್ವಾಮಿ ಚಾಪೆಗಳನ್ನು ದಾಟಿಕೊಂಡು ಮುಂದೆ ಹೋಗಿ, ನಿಮಗೆ ಕಣ್ಣಿಗೆ ಶ್ರಮ, ನಾನು ಓದುತ್ತೇನೆ ಕೊಡಿ ಎಂದು ಕೈ ಚಾಚಿದ.

"ಮೊದ್ಲು ಮೈಮೇಲಿರೋ ಹಿಟ್ಟು ಒದರ್ಕೊಂಡು ಕೂತ್ಕೊಳಿ ವೆಂಕಟಸ್ವಾಮಿ" ಎಂದರು ಮರಿಯಪ್ಪನವರು. ಜನ ನಕ್ಕರು. ಶಶಿಕಲಾ ಅವನ ಅಂಗಿ ಹಿಡಿದು ಎಳೆದು ಕೂರಿಸಿಕೊಂಡಳು.

ಮರಿಯಪ್ಪನವರು ಓದತೊಡಗಿದರು. ಅವರಿಗೆ ಗಟ್ಟಿ ದನಿ, ಹಳ್ಳಿಯ ನಾಟಕದಲ್ಲಿ ಪಾರ್ಟು ಮಾಡಿದ ಅಭ್ಯಾಸ. ಬುದ್ಧಿಮಾತನ್ನು ಓದಿ, ಒಂದು ಕ್ಷಣ ನಿಲ್ಲಿಸಿ, ಪೆನ್ಸಿಲಿನ ಉದಾಹರಣೆ ಓದುವರು. ಕಿಟಕಿಯ ಉದಾಹರಣೆ ಬಂದಾಗ ಎಲ್ಲರಿಗಿಂತ ಜೋರಾಗಿ ಜಗದಾಂಬಾ ನಕ್ಕರು. ಅವರ ಹಿಂದೆ ಕೂತಿದ್ದವರು ಅವರನ್ನು ನೋಡಿ ನಕ್ಕರು. ಮಿಲ್ಲಿನ ಉದಾಹರಣೆಗೆ ಚಪ್ಪಾಳೆ ಬಿತ್ತು. ವೆಂಕಟಸ್ವಾಮಿ ಚಾಪೆಯ ಕಡ್ಡಿ ಒಂದೊಂದೇ ಕೀಳುತ್ತಾ ಕೂತಿದ್ದ.

ಹಾಳೆ ಮಗುಚಿತು. 'ಹಂಚಿ ಬಾಳುವುದೇ ಬಾಳು' ಎಂದು ಓದಿದರು ಮರಿಯಪ್ಪನವರು. 'ಉದಾ: ಕೆಳಗಿನವರು. ನೀರು ಬಂದರೆ ಮೊದಲು ಕೆಳಗಿನ ಸಂಪು, ಆಮೇಲೆ ಕೆಳಗಿನ ಗಿಡ, ಆಮೇಲೆ ಕೆಳಗಿನ ಕಾರು. ಮಿಕ್ಕರೆ ಮೇಲಿನವರ ಬಕೆಟ್ಟು.'

ವೆಂಕಟಸ್ವಾಮಿ ಕಣ್ಣು ಮುಚ್ಚಿಕೊಂಡ. ಒಂಬತ್ತು ವರ್ಷದ ಮನೆ, ಮೆಟ್ರೋ ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿ, ಪೂರ್ವದ ಬಾಲ್ಕನಿ, ಎಲ್ಲ ಒಂದರ ಹಿಂದೆ ಒಂದು ಲಾರಿ ಹತ್ತಿ ಹೋಗುವುದು ಕಂಡಿತು.

ಕಣ್ಣು ತೆರೆದಾಗ ಮರಿಯಪ್ಪನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎರಡನೇ ಕ್ರಾಸಿನ ನಾಗರಾಜು ಇದ್ದಾನಲ್ಲ, ಎರಡು ಮನೆ ಬಾಡಿಗೆಗೆ ಬಿಟ್ಟವನು, ಥೇಟು ಅವನೇ ಎಂದರು. ನಾಗರಾಜು ಸಭೆಗೆ ಬಂದಿರಲಿಲ್ಲವಾದ್ದರಿಂದ ಎಲ್ಲರೂ ಒಪ್ಪಿದರು.

ಬೆಳಗಿನಿಂದ ಮೊದಲ ಸಲ ವೆಂಕಟಸ್ವಾಮಿಗೆ ಉಸಿರು ಸರಾಗವಾಗಿ ಬಂತು. ಮನುಷ್ಯನಿಗೆ ಬೆನ್ನು ಹೇಗೋ ತನ್ನ ತಪ್ಪೂ ಹಾಗೇ, ಬೇರೆಯವರದೇ ಕಾಣುವುದು. ಇಷ್ಟು ಸಣ್ಣ ವಿಷಯಕ್ಕೆ ದಿನವೆಲ್ಲ ಒದ್ದಾಡಿದೆನಲ್ಲ ಎಂದುಕೊಂಡ. ಯಾರೋ ಕಡಲೆಕಾಯಿ ಕೊಟ್ಟರು, ತಿಂದ. ಮುಂದಿನ ಮೂರು ಉದಾಹರಣೆಗೆ ತಾನೂ ನಕ್ಕ. ಬರೆದವರು ಯಾರೋ ಬುದ್ಧಿವಂತರು ಎಂದು ಪಕ್ಕದವರ ಕಿವಿಯಲ್ಲೂ ಹೇಳಿದ.

ಮರಿಯಪ್ಪನವರು ಇನ್ನೊಂದು ಹಾಳೆ ಮಗುಚಿದರು. 'ಹೇಳುವುದು ಒಂದು, ಮಾಡುವುದು ಒಂದು ಆಗಬಾರದು' ಎಂದು ಓದಿದರು. 'ಉದಾ:' ಎಂದರು. ಅಲ್ಲಿಗೆ ನಿಂತರು.

ಜನ ಕಾದರು. ಮರಿಯಪ್ಪನವರ ಕಣ್ಣು ಮಾತ್ರ ಸಾಲಿನ ಮೇಲೆ ಓಡುತ್ತಿತ್ತು. ಮೀಸೆ ಸ್ವಲ್ಪ ಅದುರಿತು. ಅವರು ಹನುಮಕ್ಕನ ಕಡೆ ಒಮ್ಮೆ ನೋಡಿ, ಪುಸ್ತಕ ಮುಚ್ಚಿ, ಟವೆಲಿನಲ್ಲಿ ಎರಡು ಸುತ್ತು ಸುತ್ತಿದರು. ಬೆಳಕು ಸಾಲದು, ಇವತ್ತಿಗೆ ಇಷ್ಟು ಸಾಕು ಎಂದರು. ಪಾರ್ಕಿನಲ್ಲಿ ಇನ್ನೂ ಬಿಸಿಲಿತ್ತು.

ಮನೆಗೆ ಬಂದು ಸ್ನಾನ ಮಾಡಿ ವೆಂಕಟಸ್ವಾಮಿ ಬಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಮರಿಯಪ್ಪನವರು ಒಳಗೆ ಬಂದರು. ಕೂರಿ ಎಂದರೆ ಕೂರಲಿಲ್ಲ. ಟವೆಲ್ ಬಿಚ್ಚಿ ಪುಸ್ತಕ ತೆಗೆದು, ಗುರುತು ಮಾಡಿಟ್ಟುಕೊಂಡಿದ್ದ ಪುಟವನ್ನೇ ತೆರೆದು ಅವನ ಮುಂದೆ ಹಿಡಿದರು. ಶಶಿಕಲಾ ಕಾಫಿ ತರಲು ಹೊರಟವಳು ಬಾಗಿಲಲ್ಲೇ ನಿಂತಳು.

"ಇದು ನಿಮ್ ಕೈಬರಹ. ಬೀದಿ ದೀಪದ ಅರ್ಜಿ, ನೀರಿನ ಅರ್ಜಿ ಎಲ್ಲ ನಂಗೆ ಬರ್ಕೊಟ್ಟೋರು ನೀವೇ. ನಾನು ಬೆಳಿಗ್ಗೇನೇ ಗುರ್ತು ಹಿಡಿದಿದ್ದೆ" ಎಂದರು. "ಮಿಕ್ಕಿದ್ದು ಬಿಡಿ. ಆ ನಾಗರಾಜು ವಿಷ್ಯ ಚೆನ್ನಾಗೇ ಬರ್ದಿದೀರ. ಈ ಪುಟ ಓದಿ."

ವೆಂಕಟಸ್ವಾಮಿ ಮನಸ್ಸಿನಲ್ಲೇ ಓದಿದ. 'ಉದಾ: ಶುಗರ್ ಬಂದವರಿಗೆಲ್ಲ ಸಿಹಿ ಬಿಡಿ ಎಂದು ಉಪದೇಶ ಮಾಡುವ ಮಹಾಶಯ. ಹೆಂಡತಿ ದೇವಸ್ಥಾನಕ್ಕೆ ಹೊರಟ ಕೂಡಲೇ ಸ್ಟೂಲು ಹಾಕಿಕೊಂಡು ಅಟ್ಟದ ಡಬ್ಬದಿಂದ ಬೆಲ್ಲ ಕದ್ದು ತಿನ್ನುತ್ತಾನೆ. ಪಾಪ, ಅವಳು ಇರುವೆಗಳಿಗೆ ಬೈಯುತ್ತಾಳೆ.'

ಒಂದು ಗಳಿಗೆ ಅವನಿಗೆ ಏನೂ ಅರ್ಥವಾಗಲಿಲ್ಲ. ಇದು ಮರಿಯಪ್ಪನವರ ಬಗ್ಗೆ ಬರೆದದ್ದಲ್ಲ. ಆ ಬುದ್ಧಿಮಾತಿಗೆ ಬೀದಿಯಲ್ಲಿ ಯಾರೂ ಸರಿಯಾದ ಉದಾಹರಣೆ ಸಿಗದೆ, ಇಡೀ ಪುಸ್ತಕದಲ್ಲಿ ಒಂದೇ ಒಂದು ಸಲ, ಅವನು ತನ್ನ ಬಗ್ಗೆಯೇ ಬರೆದುಕೊಂಡಿದ್ದ. ಎರಡು ವರ್ಷದ ಹಿಂದೆ ಡಾಕ್ಟರು ಅವನಿಗೂ ಸಿಹಿ ನಿಲ್ಲಿಸಿದ್ದರು.

ಮರಿಯಪ್ಪನವರು ದನಿ ಇಳಿಸಿದರು.

"ನಮ್ ಹನುಮಕ್ಕಂಗೇ ಗೊತ್ತಿಲ್ಲ ಇದು. ನಾಲ್ಕ್ ವರ್ಷದಿಂದ ಒಂದ್ ನರಪಿಳ್ಳೆಗೂ ಗೊತ್ತಿಲ್ಲ. ಸ್ಟೂಲು ಸಮೇತ ಬರ್ದಿದೀರಲ್ರೀ. ಮೇಲಿಂದ ಬಗ್ಗಿ ನಮ್ ಅಡುಗೆಮನೆ ನೋಡ್ತಾ ಕೂತಿದ್ರಾ?"

ಏನು, ಯಾವ ಸ್ಟೂಲು ಎಂದು ಶಶಿಕಲಾ ಬಾಗಿಲಿಂದ ಕೇಳಿದಳು.

ವೆಂಕಟಸ್ವಾಮಿ ಒಮ್ಮೆ ಮರಿಯಪ್ಪನವರನ್ನು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ. ನಿಜ ಹೇಳಿದರೆ ಬೆಲ್ಲ ಹೋಗುತ್ತದೆ. ಹೇಳದಿದ್ದರೆ ಮನೆ ಹೋಗುತ್ತದೆ. ಬೆಲ್ಲ ಅಂಗಡಿಯಲ್ಲೂ ಸಿಗುತ್ತದೆ, ಮನೆ ಸಿಗುವುದಿಲ್ಲ ಎಂದು ತೂಗಿ ನೋಡಿ, ಗಂಟಲು ಸರಿಮಾಡಿಕೊಂಡ.

"ಅದು ನೀವಲ್ಲ ಸಾರ್, ನಾನು. ಸ್ಟೂಲ್ ಹಾಕ್ಕೊಂಡು ಬೆಲ್ಲ ಕದ್ದು ತಿನ್ನೋದು ನಾನೇ. ನನ್ ಬಗ್ಗೆ ನಾನೇ ಬರ್ಕೊಂಡಿದ್ದು."

ಮರಿಯಪ್ಪನವರು ಅವನನ್ನು ಕನಿಕರದಿಂದ ನೋಡಿದರು.

"ನಂಗೆ ಅರವತ್ತೆಂಟು ವರ್ಷ ವೆಂಕಟಸ್ವಾಮಿ. ಊರವರ ಹುಳುಕೆಲ್ಲ ಬರ್ದು, ಮಧ್ಯದಲ್ಲಿ ತನ್ ಹುಳುಕೂ ಬರ್ಕೊಳ್ಳೋ ಮನುಷ್ಯನ್ನ ಇಲ್ಲೀವರ್ಗೂ ನೋಡಿಲ್ಲ. ಸುಳ್ಳು ಹೇಳೋದಾದ್ರೂ ನಂಬೋ ಅಂಥದ್ದು ಹೇಳ್ರೀ."

ಅವನು ದೇವರ ಮೇಲೆ ಆಣೆಯಿಟ್ಟ. ಡಾಕ್ಟರ ಚೀಟಿ ತಂದು ತೋರಿಸಿದ. ಶುಗರ್ ಯಾರಿಗಿಲ್ಲ ಎಂದರು ಮರಿಯಪ್ಪನವರು. ಮನೆ ಮೇಲೆ ಕೂತು ಒಳಗಿನದು ಇಣುಕುವವರನ್ನು ಇಟ್ಟುಕೊಳ್ಳಲಾಗದು, ತಂಗಿಯ ಮಗ ಹೇಗೂ ಕೇಳುತ್ತಿದ್ದಾನೆ, ಎರಡು ತಿಂಗಳು ಟೈಮ್ ಕೊಡುತ್ತೇನೆ, ಹನುಮಕ್ಕನ ಕಿವಿಗೆ ಈ ವಿಷಯ ಬಿದ್ದರೆ ಒಂದೇ ತಿಂಗಳು ಎಂದು ಹೇಳಿ, ಪುಸ್ತಕವನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಇಳಿದು ಹೋದರು.

ಮರಿಯಪ್ಪನವರು ನಂಬದ ಮಾತನ್ನು ಶಶಿಕಲಾ ಪೂರ್ತಿ ನಂಬಿದ್ದಳು. ಅವಳು ಗಲಾಟೆ ಮಾಡಲಿಲ್ಲ. ಎರಡು ವರ್ಷದಿಂದ ಆ ಇರುವೆಗಳಿಗಾಗಿ ಅರಿಶಿನ ಹಾಕಿದ್ದು, ಸೀಮೆಸುಣ್ಣದಲ್ಲಿ ಗೆರೆ ಎಳೆದದ್ದು, ಮೂರು ಸಲ ಡಬ್ಬ ಬದಲಾಯಿಸಿದ್ದು, ಎಲ್ಲವನ್ನೂ ನಿಧಾನವಾಗಿ ನೆನಪು ಮಾಡಿಕೊಂಡಳು. ಆಮೇಲೆ ಒಳಗೆ ಹೋಗಿ ಅಟ್ಟದಿಂದ ಡಬ್ಬ ಇಳಿಸಿದಳು. ಅದರಲ್ಲಿ ಹೋದ ವಾರವಷ್ಟೇ ತಂದ ಎರಡು ಕೆಜಿ ಅಚ್ಚು ಬೆಲ್ಲವಿತ್ತು.

"ಇದು ಈ ಮನೇಲಿದ್ರೆ ಉಳಿಯಲ್ಲ" ಎಂದಷ್ಟೇ ಹೇಳಿ ಡಬ್ಬ ಎತ್ತಿಕೊಂಡು ಕೆಳಗೆ ಹೋದಳು.

ವೆಂಕಟಸ್ವಾಮಿ ಬಾಲ್ಕನಿಗೆ ಬಂದು ನಿಂತ. ಕೆಳಗೆ ಶಶಿಕಲಾ, ಬೇಕಾದಾಗ ಒಂದೊಂದು ಅಚ್ಚು ಕೇಳಿ ತೆಗೆದುಕೊಳ್ಳುತ್ತೇನೆ, ಡಬ್ಬ ನಿಮ್ಮಲ್ಲೇ ಇರಲಿ ಎಂದು ಹನುಮಕ್ಕನಿಗೆ ಹೇಳುತ್ತಿದ್ದಳು. ಹನುಮಕ್ಕ, ಅದಕ್ಕೇನು ತಾಯಿ, ನಮ್ಮ ಅಟ್ಟದ ಮೇಲೆ ಇಡುತ್ತೇನೆ, ನಮ್ಮವರು ಬೆಲ್ಲದ ಕಡೆ ತಿರುಗಿಯೂ ನೋಡುವುದಿಲ್ಲ ಎಂದರು. ಡಬ್ಬ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಹೆಂಗಸರು ಹೂವಿನ ಬುಟ್ಟಿ ಹಿಡಿದು, ಸಂಜೆಯ ಮಂಗಳಾರತಿಗೆಂದು ಗೇಟು ತೆರೆದು ಹೊರಟರು.

ಅವರು ಬೀದಿಯ ಮೂಲೆ ತಿರುಗಿದರು. ಕೆಳಗಿನ ಅಡುಗೆಮನೆಯಲ್ಲಿ ಸ್ಟೂಲು ಎಳೆದ ಸದ್ದು ಕೇಳಿಸಿತು.